ಸಂಜೆ ಮರೆತ ಜೇನ್ಹುಳ

ತುಂಗಭದ್ರೆಯ ದಂಡೆಯ ಮೇಲೆ ಓಂಕಾರಯ್ಯ ಮೇಷ್ಟ್ರ ಮನೆ. ಮನೆಯ ಹಿಂದೆ ಒಂದು ಹೆಂಚಿನ ಕೊಟ್ಟಿಗೆ. ಕೊಟ್ಟಿಗೆಯಲ್ಲಿ ದನಗಳಿಲ್ಲ, ಸೂಕ್ಷ್ಮದರ್ಶಕಗಳಿವೆ. ಅದರಾಚೆ ಒಂದು ಸೋಗೆಯ ಚಪ್ಪರ, ಚಪ್ಪರದ ಕೆಳಗೆ ಜೇನುಪೆಟ್ಟಿಗೆಗಳು.

ಮೇಷ್ಟ್ರು ಒಂದು ಕಾಲಕ್ಕೆ ದೊಡ್ಡ ವಿಶ್ವವಿದ್ಯಾಲಯದಲ್ಲಿ ಮಿದುಳಿನ ವಿಜ್ಞಾನ ಕಲಿಸಿದವರು. ನಿವೃತ್ತರಾದ ಮೇಲೆ ಇಲ್ಲಿ ಬಂದು ಕೂತರು. ಕಲಿಯುವವರು ಹಿಂದೆಯೇ ಬಂದರು. ಮೇಷ್ಟ್ರು ಯಾರನ್ನೂ ಬಾ ಎಂದು ಕರೆದವರಲ್ಲ, ಬಂದವರನ್ನು ಹೋಗು ಎಂದವರೂ ಅಲ್ಲ. ಎಲ್ಲರಿಗೂ ಅನ್ನ ಹಾಕುತ್ತಿದ್ದವರು ಅವರ ಹೆಂಡತಿ ಶಾಂತವ್ವ.

ಶಿಷ್ಯರಲ್ಲಿ ಹಾಲೇಶನಿಗೆ ಭಕ್ತಿ ಹೆಚ್ಚು. ಬಾಗಿಲಲ್ಲಿ ಮೇಷ್ಟ್ರ ಚಪ್ಪಲಿ ನೇರ ಮಾಡಿ ಆಮೇಲೆ ತನ್ನದು ಬಿಡುವವನು. ಮೇಷ್ಟ್ರ ಕನ್ನಡಕ ಹುಡುಕಿಕೊಡುವವನು ಅವನೇ. ಮೇಷ್ಟ್ರಿಗೆ ಬಂದ ಈ-ಮೇಲ್ ಓದಿ ಉತ್ತರ ಕಳಿಸುವವನೂ ಅವನೇ, ಯಾಕೆಂದರೆ ಮೇಷ್ಟ್ರಿಗೆ ಕಂಪ್ಯೂಟರ್ ಕಂಡರೆ ಆಗದು.

ಆ ವರ್ಷ ಹಾಲೇಶನ ಪ್ರಬಂಧವೊಂದು ಹೆಸರಾಂತ ವಿಜ್ಞಾನ ಪತ್ರಿಕೆಯಲ್ಲಿ ಅಚ್ಚಾಯಿತು. ಜೇನ್ಹುಳದ ನೆನಪಿನ ಮೇಲೆ.

ವಿಷಯ ಇಷ್ಟು. ಜೇನ್ಹುಳಕ್ಕೆ ಮಲ್ಲಿಗೆಯ ವಾಸನೆ ತೋರಿಸಿ ಹಿಂದೆಯೇ ಸಕ್ಕರೆ ನೀರು ಕೊಟ್ಟರೆ ಅದು ಬೇಗ ಕಲಿಯುತ್ತದೆ. ಆಮೇಲೆ ವಾಸನೆ ಬಂದರೆ ಸಾಕು, ನಾಲಗೆ ಚಾಚುತ್ತದೆ. ಸಂಜೆಯವರೆಗೂ ಬರೀ ವಾಸನೆ ತೋರಿಸಿ ಸಕ್ಕರೆ ಕೊಡದೆ ಸತಾಯಿಸಿದರೆ ಚಾಚುವುದನ್ನು ಬಿಟ್ಟುಬಿಡುತ್ತದೆ. ಕಲಿತದ್ದೆಲ್ಲ ಮರೆತ ಹಾಗೆ.

ಅಂಥ ಹುಳವನ್ನು ರಾತ್ರಿ ಗೂಡಿಗೆ ಬಿಟ್ಟರೆ ಬೆಳಿಗ್ಗೆ ಮತ್ತೆ ನಾಲಗೆ ಚಾಚುತ್ತದೆ. ಕೊಳವೆಯಲ್ಲಿ ಒಂಟಿಯಾಗಿ ಇಟ್ಟರೆ ಚಾಚುವುದಿಲ್ಲ. ಎಳ್ಳುಕಾಳಿನಷ್ಟು ಮಿದುಳಿನಲ್ಲಿ ಆಗ ಏನು ನಡೆಯುತ್ತದೆ ಎಂಬುದನ್ನು ಹಾಲೇಶ ಕೂದಲಿಗಿಂತ ಸಣ್ಣ ತಂತಿ ಇಟ್ಟು ಅಳೆದಿದ್ದ. ಅದು ಸುಲಭದ ಕೆಲಸವಲ್ಲ. ಅವನ ಕೈ ಅಷ್ಟು ಸ್ಥಿರವಾಗಿತ್ತು.

ಪ್ರಬಂಧಕ್ಕೆ ಒಳ್ಳೆಯ ಹೆಸರು ಬಂತು. ಊರಿನ ಕಾಲೇಜಿನವರು ಮೇಷ್ಟ್ರನ್ನು ಕರೆದು ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಟ್ಟರು. ಯಾಕೆ ಎಂದು ಮೇಷ್ಟ್ರು ಕೇಳಲಿಲ್ಲ. ವಯಸ್ಸಾದವರಿಗೆ ಆಗಾಗ ಶಾಲು ಹೊದಿಸುವುದು ನಮ್ಮಲ್ಲಿ ರೂಢಿ ಎಂದುಕೊಂಡು ಹೊದ್ದು ಬಂದರು.

ಒಂದು ಮಧ್ಯಾಹ್ನ ನೀಲಾಂಬಿಕೆ ಬಂದಳು.

ಅವಳೂ ಮೇಷ್ಟ್ರ ಶಿಷ್ಯೆ. ಹಾಲೇಶನಿಗಿಂತ ಹಿರಿಯಳು, ಕಿರಿಯರಿಗೆಲ್ಲ ನೀಲಕ್ಕ. ಹಾಲೇಶನ ಜೊತೆ ಅದೇ ಜೇನಿನ ಕೆಲಸ ಮಾಡುತ್ತಿದ್ದವಳು, ಮನೆಯ ತಾಪತ್ರಯಕ್ಕೆ ನಡುವೆ ಬಿಟ್ಟು ರಾಣೆಬೆನ್ನೂರಿನ ಒಂದು ಕಾಲೇಜಿನಲ್ಲಿ ಪಾಠಕ್ಕೆ ಸೇರಿದ್ದಳು. ಈಗ ಮನೆ ಒಂದು ದಡ ಸೇರಿತ್ತು. ಅವಳಿಗೆ ಮತ್ತೆ ಸಂಶೋಧನೆ ಮಾಡುವ ಆಸೆ. ದೊಡ್ಡ ಸಂಸ್ಥೆಯೊಂದು ಸಂದರ್ಶನಕ್ಕೆ ಕರೆದಿತ್ತು.

ಮೇಷ್ಟ್ರ ಕಾಲಿಗೆ ನಮಸ್ಕರಿಸಿ, ಜಗಲಿಯ ಮೇಲೆ ಕೂತು, ನೀರು ಕುಡಿದು ಅವಳು ಕೇಳಿದಳು.

"ಅಚ್ಚಾದ ಕೆಲಸ ಏನೈತೆ ಅಂತ ಕೇಳ್ತಾರೆ ಮೇಷ್ಟ್ರೇ. ಏನೂ ಇಲ್ಲ ಅಂದ್ರೆ ಸೀಟು ಕೊಡಲ್ಲ. ಏನು ಹೇಳ್ಲಿ?"

"ಜೇನಿಂದು ಐತಲ್ಲ."

"ಅದರಲ್ಲಿ ನಾನು ಕಟ್ಟಕಡೇಲಿ ಇದೀನಿ. ಕೃತಜ್ಞತೆ ಅಂತ ಹಾಕ್ತಾರಲ್ಲ, ಅಲ್ಲಿ. ಬಣ್ಣದ ಅಂಗಡಿಯವರು, ಸಕ್ಕರೆ ಕೊಟ್ಟ ಸೊಸೈಟಿಯವರು, ಆಮೇಲೆ ನಾನು."

ಹೇಳಿ ನಕ್ಕಳು. ನೋವು ಕಾಣಬಾರದೆಂದು ಸ್ವಲ್ಪ ಜಾಸ್ತಿಯೇ ನಕ್ಕಳು. ಆದ್ದರಿಂದ ಕಂಡಿತು.

"ಮತ್ತೆ ಕೆಲಸ ಮಾಡಿದವರು ಅಂತ ಮೇಲೆ ಯಾರ ಹೆಸರೈತೆ?"

"ಮೊದಲು ನಿಮ್ಮದು. ಆಮೇಲೆ ಹಾಲೇಶಂದು."

ಮೇಷ್ಟ್ರಿಗೆ ಆಗ ಶಾಲಿನ ನೆನಪಾಯಿತು. ಅದನ್ನು ಮಡಚಿಟ್ಟ ಕಪಾಟಿನ ಕಡೆ ಒಮ್ಮೆ ನೋಡಿದರು.

"ಓಹೋ," ಎಂದರು. "ಹಂಗಾದ್ರೆ ನಾನು ಏನು ಮಾಡ್ದೆ ಅಂತ ನಾನು ತಿಳ್ಕೋಬೇಕು. ನೀನು ಒಳಗೆ ಹೋಗಿ ನಿಮ್ಮಮ್ಮನ ಜೊತೆ ಮಾತಾಡ್ತಿರು."

ಶಿಷ್ಯರು ಶಾಂತವ್ವನನ್ನು ಅಮ್ಮ ಎಂದೇ ಕರೆಯುತ್ತಿದ್ದರು. ನೀಲಾಂಬಿಕೆ ಅಡುಗೆಮನೆಗೆ ಹೋಗಿ ಅವರ ಮುಂದಿದ್ದ ಮೊರ ಎಳೆದುಕೊಂಡು ಅಕ್ಕಿಯಲ್ಲಿ ಕಲ್ಲು ಆರಿಸಲು ಕೂತಳು.

ಮೇಷ್ಟ್ರು ಹಾಲೇಶನನ್ನು ಕರೆಸಿದರು. ತಮ್ಮ ಹೆಸರು ಮೊದಲಿಗೆ ಹೇಗೆ ಬಂತು ಎಂದು ಕೇಳಿದರು. ಹಾಲೇಶನ ಮುಖ ಅರಳಿತು. ಇಷ್ಟು ದಿನ ಮೇಷ್ಟ್ರು ಆ ಮಾತೇ ಎತ್ತಿಲ್ಲವೆಂದು ಅವನಿಗೆ ಒಳಗೊಳಗೇ ಕೊರಗಿತ್ತು.

ದೀಪ ಹಚ್ಚಲು ಕೂತರೂ ಮೊದಲು ಗುರುವನ್ನು ನೆನೆಯುತ್ತೇವೆ, ಇಷ್ಟು ದೊಡ್ಡ ಕೆಲಸಕ್ಕೆ ನೆನೆಯದೆ ಇರಲಾಗುತ್ತದೆಯೇ ಎಂದ. ಪತ್ರಿಕೆಯವರು ಎಲ್ಲ ಲೇಖಕರ ಒಪ್ಪಿಗೆ ಕೇಳಿದ್ದರಂತೆ. ಮೇಷ್ಟ್ರ ಒಪ್ಪಿಗೆಯನ್ನು ಮೇಷ್ಟ್ರ ಈ-ಮೇಲಿನಿಂದ ತಾನೇ ಕಳಿಸಿದನಂತೆ. ದೇವರಿಗೆ ಹೂ ಏರಿಸುವಾಗ ದೇವರನ್ನು ಕೇಳುತ್ತೇವೆಯೇ ಎನ್ನುವ ಧಾಟಿಯಲ್ಲಿ ಇದನ್ನೆಲ್ಲ ಹೇಳಿದ.

ಮೇಷ್ಟ್ರು ಸಿಟ್ಟಾಗಲಿಲ್ಲ. ತಮ್ಮ ಕುರ್ಚಿಯಿಂದ ಎದ್ದರು. ಹಾಲೇಶನನ್ನು ಅದರಲ್ಲಿ ಕೂರಿಸಿ ತಾವು ಕೆಳಗೆ ಚಾಪೆಯ ಮೇಲೆ ಕೂತರು.

ಹಾಲೇಶ ಕುರ್ಚಿಯ ತುದಿಗೆ ಜರುಗಿದ. ಬೆವರಿದ. ಏಳಲು ನೋಡಿದ.

"ಕೂತ್ಕೊಳ್ಳಲೇ. ಇವತ್ತು ನೀನು ಮೇಷ್ಟ್ರು. ನಾಳೆ ಯಾರಾದ್ರೂ ಕೇಳಿದ್ರೆ ನಾನು ಹೇಳ್ಬೇಕಲ್ಲ. ನಾನು ಏನೇನು ಮಾಡ್ದೆ, ಒಂದೊಂದಾಗಿ ಕಲಿಸು. ಹುಳ ಹಿಡಿದಿದ್ದು ಯಾರು?"

"ನಾನು ಮೇಷ್ಟ್ರೇ."

"ಕೊಳವೇಲಿ ಕೂರ್ಸಿದ್ದು?"

"ನಾನೂ ನೀಲಕ್ಕನೂ."

"ಅವಾಗ ನಾನೆಲ್ಲಿದ್ದೆ?"

"ಧಾರವಾಡದಲ್ಲಿ. ವಿಶ್ವವಿದ್ಯಾಲಯದಲ್ಲಿ ಪಾಠ ಮಾಡೋಕೆ ಹೋಗಿದ್ರಿ."

"ಹೌದು. ಪಾಠ ಚೆನ್ನಾಗಿ ಆಯ್ತು. ಮಲ್ಲಿಗೆ ವಾಸನೆ ಕೊಟ್ಟಿದ್ದು?"

"ನೀಲಕ್ಕ."

"ಅವಾಗ ನಾನು?"

"ಧಾರವಾಡದಲ್ಲೇ."

"ಬಹಳ ದಿನ ಇದ್ದೆ ಕಣೋ ಅಲ್ಲಿ. ಮಿದುಳಿಗೆ ತಂತಿ ಇಟ್ಟಿದ್ದು?"

"ಅದು ನಾನು. ನಾನೊಬ್ಬನೇ."

"ಭೇಷ್. ಅಷ್ಟರಲ್ಲಿ ನಾನು ಬಂದಿದ್ನಾ?"

"ಬಂದಿದ್ರಿ. ಪೇಡ ತಂದಿದ್ರಿ."

"ಅದನ್ನ ಪ್ರಬಂಧದಲ್ಲಿ ಹಾಕಿದೀಯಾ?"

ಹಾಲೇಶ ತಲೆ ಕೆರೆದುಕೊಂಡ. ನಗಬೇಕೋ ಬೇಡವೋ ಅವನಿಗೆ ತಿಳಿಯಲಿಲ್ಲ.

ಮೇಷ್ಟ್ರು ಚಾಪೆಯ ಮೇಲೆ ಸ್ವಲ್ಪ ಮುಂದೆ ಸರಿದರು.

"ಇನ್ನೊಂದೇ ಪ್ರಶ್ನೆ. ಹುಳಾನ ರಾತ್ರಿ ಗೂಡಿಗೆ ಬಿಡೋಣ ಅಂದಿದ್ದು ಯಾರು? ಅದಿಲ್ಲದಿದ್ರೆ ಪ್ರಬಂಧಾನೇ ಇಲ್ಲ, ಅಲ್ವಾ?"

"ಅದು ನೀವೇ ಮೇಷ್ಟ್ರೇ."

"ಧಾರವಾಡದಿಂದಾನಾ?"

"ಹಂಗಲ್ಲ. ಜೀವಾನ ಅದರ ಜಾಗದಲ್ಲಿಟ್ಟು ನೋಡ್ಬೇಕು ಅಂತ ನೀವು ಯಾವಾಗ್ಲೂ ಹೇಳ್ತಿದ್ರಲ್ಲ. ಅದರಿಂದಾನೇ ನನಗೆ ಹೊಳೀತು."

"ನಾಳೆ ಮಳೆ ಬರುತ್ತೆ ಅಂತಾನೂ ನಾನು ಯಾವಾಗ್ಲೂ ಹೇಳ್ತೀನಿ," ಎಂದರು ಮೇಷ್ಟ್ರು.

ಒಳಗೆ ಮೊರದ ಸದ್ದು ನಿಂತಿತ್ತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಶುರುವಾಯಿತು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ, ಹಾಲೇಶ ಸುಳ್ಳುಗಾರನಲ್ಲ. ಗೂಡಿಗೆ ಬಿಡುವ ವಿಚಾರ ಗುರುಕೃಪೆಯಿಂದ ತನ್ನ ತಲೆಗೆ ಬಂತೆಂದು ಅವನು ಮನಸಾರೆ ನಂಬಿದ್ದ. ಸುಳ್ಳು ಹೇಳುವವನನ್ನು ಹಿಡಿಯುವುದು ಸುಲಭ. ನಂಬಿ ಕೂತವನನ್ನು ಏನು ಮಾಡುವುದು?

ಮೇಷ್ಟ್ರು ಏನೂ ಮಾಡಲಿಲ್ಲ. ಮೊಣಕಾಲು ಹಿಡಿದುಕೊಂಡು ಎದ್ದರು.

"ಹೊತ್ತು ಮುಳುಗ್ತು. ಇವತ್ತು ರೂಮಿಗೆ ಹೋಗ್ಬೇಡ. ಇಲ್ಲೇ ಊಟ ಮಾಡಿ ಎಲ್ಲರ ಜೊತೆ ಪಡಸಾಲೇಲಿ ಮಲಕ್ಕೋ. ಬೆಳಿಗ್ಗೆ ತಿಂಡೀನೂ ಇಲ್ಲೇ."

ಪ್ರಬಂಧ ಬರೆಯಲು ಕೂತಂದಿನಿಂದ ಹಾಲೇಶ ಊರೊಳಗೆ ಒಂದು ರೂಮು ಮಾಡಿಕೊಂಡಿದ್ದ. ಅಲ್ಲಿ ಗಲಾಟೆ ಇಲ್ಲ, ಕರೆಯುವವರಿಲ್ಲ. ಊಟವೂ ಕಂಪ್ಯೂಟರಿನ ಮುಂದೆಯೇ. ಮೇಷ್ಟ್ರ ಮನೆಯ ಪಡಸಾಲೆಯಲ್ಲಿ ಮಲಗಿ ಬಹಳ ಕಾಲವಾಗಿತ್ತು. ಮೇಷ್ಟ್ರಿಗೆ ತನ್ನ ಮೇಲೆ ಪ್ರೀತಿ ಉಕ್ಕಿದೆ ಎಂದುಕೊಂಡು ಅವನು ಖುಷಿಯಿಂದ ಉಳಿದ.

ಬೆಳಿಗ್ಗೆ ಎಲ್ಲರೂ ಸಾಲಾಗಿ ಕೂತರು. ಒಗ್ಗರಣೆ ಮಂಡಕ್ಕಿ, ಜೊತೆಗೆ ಬಿಸಿ ಮೆಣಸಿನಕಾಯಿ ಬಜ್ಜಿ. ಶಾಂತವ್ವ ಬಡಿಸುತ್ತ ಬಂದರು. ನೀಲಾಂಬಿಕೆಯ ತಟ್ಟೆಗೆ ಒಂದು ಬಜ್ಜಿ ಹೆಚ್ಚಿಗೆ ಹಾಕಿದರು.

"ಇವತ್ತಾದ್ರೂ ಪೂರ್ತಿ ತಿನ್ನವ್ವ. ಅವತ್ತು ಈ ಹಾಲೇಶಿ ಬೈದ ಅಂತ ನೀನು ರಾತ್ರಿಯಿಂದ ಉಪವಾಸ. ಬೆಳಿಗ್ಗೆ ಮಂಡಕ್ಕಿನೂ ಮುಟ್ಟಲಿಲ್ಲ. ನನಗೆ ಅದೇ ಸಂಕಟ."

"ಬಿಡಮ್ಮ. ಯಾವಾಗಿಂದೋ ಮಾತು."

ಪಕ್ಕದಲ್ಲಿ ಕೂತಿದ್ದ ಶಿಷ್ಯನೊಬ್ಬನಿಗೆ ನಗು ಬಂತು. ಹಾಲೇಶ ಆಗ ಕೂಗಾಡಿದ್ದು ಹೊಳೆಯ ಆ ದಂಡೆಗೂ ಕೇಳಿರಬೇಕು ಎಂದ. ಇನ್ನೊಬ್ಬನು ಹಾಲೇಶನ ದನಿಯನ್ನೇ ಅಣಕಿಸಿ, ಇದು ಪ್ರಯೋಗಶಾಲೆ, ಅನಾಥಾಲಯ ಅಲ್ಲ ಎಂದ. ಸಾಲಿನುದ್ದಕ್ಕೂ ನಗೆ ಹರಿಯಿತು.

ಹಾಲೇಶನ ಕೈ ತಟ್ಟೆಯಲ್ಲೇ ನಿಂತಿತು.

ಅವನಿಗೆ ಆ ಸಂಜೆ ನೆನಪಾಯಿತು. ನೀಲಕ್ಕ ಚಪ್ಪರದ ಕೆಳಗೆ ಕೂತು ಒಂದೊಂದೇ ಕೊಳವೆ ತೆರೆಯುತ್ತಿದ್ದಾಳೆ. ಒಂದೊಂದು ಹುಳದ ಬೆನ್ನಿಗೂ ಬಣ್ಣದ ಚುಕ್ಕೆ ಇಟ್ಟು ಗೂಡಿನ ಬಾಯಿಗೆ ಬಿಡುತ್ತಿದ್ದಾಳೆ. ಜೇನ್ಹುಳ ಎಂದೂ ಒಂಟಿಯಾಗಿ ರಾತ್ರಿ ಕಳೆಯುವ ಜೀವವಲ್ಲ, ಒಂಟಿ ಇಟ್ಟು ನೋಡಿದರೆ ನಮಗೆ ತಿಳಿಯುವುದು ಒಂಟಿತನದ ವಿಷಯ, ನೆನಪಿನ ವಿಷಯ ಅಲ್ಲ ಎನ್ನುತ್ತಿದ್ದಾಳೆ. ಅವನು ಕೇಳಿಸಿಕೊಳ್ಳುತ್ತಿಲ್ಲ. ದಿನದ ಕೆಲಸವೆಲ್ಲ ಹಾಳಾಯಿತೆಂದು ಹಾರಾಡುತ್ತಿದ್ದಾನೆ. ಕರುಣೆ ತೋರಿಸಬೇಕಿದ್ದರೆ ಮನೆಗೆ ಹೋಗು ಎನ್ನುತ್ತಿದ್ದಾನೆ.

ಮಾರನೆಯ ಬೆಳಿಗ್ಗೆ ಅವಳ ತಪ್ಪು ಅವಳಿಗೇ ತೋರಿಸುತ್ತೇನೆಂದು ಚುಕ್ಕೆಯ ಹುಳಗಳನ್ನು ಹಿಡಿದು ತಂದು ವಾಸನೆ ಕೊಟ್ಟಿದ್ದ. ಅವು ನಾಲಗೆ ಚಾಚಿದ್ದವು. ಅವನು ಕುಣಿದಾಡಿಬಿಟ್ಟಿದ್ದ. ಆ ಕುಣಿತದಲ್ಲಿ ಹಿಂದಿನ ಸಂಜೆ ಎಲ್ಲಿ ಬಿದ್ದುಹೋಯಿತೋ, ಅವನು ಹುಡುಕಲೇ ಇಲ್ಲ. ಮುಂದಿನ ದಿನಗಳಲ್ಲಿ ಚುಕ್ಕೆ ಇಟ್ಟವಳು, ಬಿಟ್ಟವಳು, ಹಿಡಿದು ತಂದವಳು ಎಲ್ಲ ನೀಲಕ್ಕನೇ.

ಅವನು ತಟ್ಟೆ ಬಿಟ್ಟು ಎದ್ದುಬಂದು ಅವಳ ಎದುರಿಗೆ ಕೂತ.

"ನೀಲಕ್ಕ, ಗೂಡಿಗೆ ಬಿಟ್ಟಿದ್ದು ನೀನು."

"ಹೂಂ."

"ನಾನು ಬೈದಿದ್ದೆ."

"ಚೆನ್ನಾಗೇ ಬೈದಿದ್ದೆ."

"ಅದು ನನ್ನದೇ ಅಂತ ನಂಬ್ಕೊಂಡಿದ್ದೆ ಕಣಕ್ಕ. ನಿಜವಾಗ್ಲೂ."

"ಗೊತ್ತು. ಅದಕ್ಕೇ ಸುಮ್ನಿದ್ದೆ. ಕದ್ದಿದ್ರೆ ಜುಟ್ಟು ಹಿಡಿದು ಕೇಳ್ತಿದ್ದೆ. ಮರೆತವನನ್ನ ಏನಂತ ಕೇಳ್ಲಿ?"

ಹಾಲೇಶ ಅತ್ತುಬಿಟ್ಟ. ಎಲ್ಲರ ಮುಂದೆ ಅತ್ತ. ನೀಲಾಂಬಿಕೆಯ ಕಣ್ಣೂ ತುಂಬಿತು, ಆದರೆ ಅವಳು ಬಜ್ಜಿ ತಿನ್ನುವುದನ್ನು ನಿಲ್ಲಿಸಲಿಲ್ಲ. ಶಾಂತವ್ವ ಇಬ್ಬರಿಗೂ ಮತ್ತೆ ಮಂಡಕ್ಕಿ ಹಾಕಿದರು.

ಕೈ ತೊಳೆದು ಹಾಲೇಶ ಮೇಷ್ಟ್ರ ಹತ್ತಿರ ಹೋದ. ಪತ್ರಿಕೆಗೆ ತಿದ್ದುಪಡಿ ಕಳಿಸುತ್ತೇನೆ, ನಿಮ್ಮ ಹೆಸರು ತೆಗೆದು ನೀಲಕ್ಕನ ಹೆಸರು ಸೇರಿಸುತ್ತೇನೆ ಎಂದ. ಹೇಳಿ ಅಲ್ಲೇ ನಿಂತ. ಅವನನ್ನು ಇನ್ನೊಂದು ಭಯ ಹಿಡಿದಿತ್ತು.

"ಒಂದ್ಸಲ ಹಾಕಿದ್ರೆ ಅದು ಹೋಗಲ್ಲ ಮೇಷ್ಟ್ರೇ. ಪ್ರಬಂಧ ತೆರೆದ ತಕ್ಷಣ ತಿದ್ದುಪಡಿ ಅಂತ ಮೇಲೇ ಕಾಣುತ್ತೆ. ಕೊನೇ ತನಕ. ಓದಿದವರು ಏನಂದ್ಕೋತಾರೆ?"

"ತಿದ್ದಿದಾರೆ ಅಂದ್ಕೋತಾರೆ."

ಹಾಲೇಶ ಅಲ್ಲೇ ಕೂತು ಬರೆದ. ಯಾರ ಹೆಸರು ಮೊದಲು ಎಂಬುದಕ್ಕೆ ಸ್ವಲ್ಪ ಎಳೆದಾಟವಾಯಿತು. ನೀನು ಮೊದಲು ಎಂದು ಇವನು, ತಂತಿ ಇಟ್ಟವನು ನೀನು ಎಂದು ಅವಳು. ಮೇಷ್ಟ್ರು ತಲೆ ಹಾಕಲಿಲ್ಲ, ಹೊಳೆಗೆ ಸ್ನಾನಕ್ಕೆ ಹೋದರು. ಅವರು ಬರುವಷ್ಟರಲ್ಲಿ ನೀಲಾಂಬಿಕೆಯ ಹೆಸರು ಮೊದಲಿಗೂ, ಇಬ್ಬರ ಕೆಲಸವೂ ಸಮ ಎಂಬ ಟಿಪ್ಪಣಿ ಅಡಿಯಲ್ಲೂ ಕೂತಿತ್ತು.

ಪತ್ರಿಕೆಯ ಸಂಪಾದಕರು ಅಷ್ಟಕ್ಕೆ ಬಿಡಲಿಲ್ಲ. ಮೊದಲ ಲೇಖಕರು ತಮ್ಮ ಹೆಸರನ್ನೇ ಯಾಕೆ ತೆಗೆಸುತ್ತಿದ್ದಾರೆ, ಅವರೇ ತಿಳಿಸಬೇಕು ಎಂದರು. ಹಾಲೇಶ ಅಭ್ಯಾಸಬಲದಿಂದ ಉತ್ತರ ಬರೆಯಲು ಕೂತ. ಮೇಷ್ಟ್ರು ಅವನನ್ನು ಎಬ್ಬಿಸಿದರು. ನನ್ನ ಒಪ್ಪಿಗೆ ನಾನೇ ಕೊಡುತ್ತೇನೆ ಎಂದು ಕಂಪ್ಯೂಟರಿನ ಮುಂದೆ ಕೂತು, ಒಂದೇ ಬೆರಳಿನಲ್ಲಿ ಒಂದೊಂದೇ ಅಕ್ಷರ ಹುಡುಕಿ ಕುಟ್ಟಿದರು. ಈ ಕೆಲಸ ನಾನು ಮಾಡಿಲ್ಲ, ಆಗ ಬಹಳ ದಿನ ನಾನು ಊರಲ್ಲೇ ಇರಲಿಲ್ಲ, ನನ್ನ ಹೆಸರು ಹಾಕಿದ್ದೂ ನನಗೆ ತಿಳಿದಿರಲಿಲ್ಲ ಎಂದು ಬರೆದರು. ಅರ್ಧ ದಿನ ಹಿಡಿಯಿತು.

ಸಂಪಾದಕರು ಮತ್ತೆ ಕೇಳಿದರು. ಬಹಳ ಮರ್ಯಾದೆಯಿಂದಲೇ ಕೇಳಿದರು, ಲೇಖಕರ ನಡುವೆ ಏನಾದರೂ ಜಗಳವಿದೆಯೇ ಎಂದು.

ಮೇಷ್ಟ್ರು ಮತ್ತೆ ಬೆರಳು ಚಾಚಿದರು. ಜಗಳ ಏನಿಲ್ಲ, ಭಕ್ತಿ ಜಾಸ್ತಿಯಾಗಿತ್ತು ಎಂದು ಕುಟ್ಟಿ ಕಳಿಸಿದರು.

ಸಂದರ್ಶನಕ್ಕೆ ಮುಂಚೆ ತಿದ್ದುಪಡಿ ಬರುತ್ತದೋ ಇಲ್ಲವೋ ಎಂಬುದೇ ಎಲ್ಲರ ಚಿಂತೆಯಾಯಿತು. ಹಾಲೇಶ ರೂಮು ಬಿಟ್ಟು ಪಡಸಾಲೆಗೇ ವಾಪಸ್ ಬಂದಿದ್ದ. ಬೆಳಿಗ್ಗೆ ಎದ್ದವನು ಮುಖ ತೊಳೆಯುವ ಮೊದಲು ಪತ್ರಿಕೆಯ ಪುಟ ತೆಗೆದು ನೋಡುತ್ತಿದ್ದ. ಕೊನೆಗೆ ಬಂತು, ನೀಲಾಂಬಿಕೆ ಸಂದರ್ಶನಕ್ಕೆ ಬಸ್ಸು ಹತ್ತುವ ಹಿಂದಿನ ದಿನ. ಹಾಲೇಶ ರಾಣೆಬೆನ್ನೂರಿಗೆ ಫೋನ್ ಮಾಡಿ ಅದನ್ನು ಅವಳಿಗೆ ಓದಿ ಹೇಳಿದ. ಇನ್ನೊಂದು ಸಲ ಓದು ಎಂದಳು.

ಸಂದರ್ಶನದಲ್ಲಿ ಅವರು ಜೇನಿನ ವಿಷಯಕ್ಕಿಂತ ಹೆಚ್ಚಾಗಿ ತಿದ್ದುಪಡಿಯ ವಿಷಯವನ್ನೇ ಕೇಳಿದರಂತೆ. ಇಂಥದ್ದನ್ನೆಲ್ಲ ಹೇಗೆ ಬಗೆಹರಿಸಿಕೊಂಡಿರಿ ಎಂದರಂತೆ. ಸಾಲಾಗಿ ಕೂತು ಮಂಡಕ್ಕಿ ತಿಂದೆವು ಎಂದಳಂತೆ. ಅವರು ನಕ್ಕು, ಆಮೇಲೆ ಹುಳ, ಗೂಡು, ಒಂಟಿತನ ಎಲ್ಲ ಕೆದಕಿ ಕೆದಕಿ ಕೇಳಿದರಂತೆ. ಅವಳ ಹತ್ತಿರ ಎಲ್ಲದಕ್ಕೂ ಉತ್ತರವಿತ್ತು. ಕೆಲಸ ಮಾಡಿದವಳು ಅವಳಲ್ಲವೇ.

ಸೀಟು ಸಿಕ್ಕಿತು. ಸೇರುವ ಮುಂಚೆ ಮೇಷ್ಟ್ರಿಗೆ ಹೇಳಿಹೋಗಲು ಬಂದಳು. ಶಾಂತವ್ವನಿಗೆ ಒಂದು ಸೀರೆ, ಹಾಲೇಶನಿಗೆ ಒಂದು ಡಬ್ಬಿ ಬಣ್ಣ. ಹುಳಕ್ಕೆ ಚುಕ್ಕೆ ಇಡೋದನ್ನ ಇನ್ನು ನೀನೇ ಕಲಿತುಕೋ ಎಂದಳು.

ಹಾಲೇಶನಿಗೆ ಒಂದೇ ಕೊರಗು ಉಳಿದಿತ್ತು. ಈಗ ಪ್ರಬಂಧದಲ್ಲಿ ಗುರುವಿನ ಹೆಸರು ಎಲ್ಲೂ ಇಲ್ಲ. ಮುಂದಿನ ಪ್ರಬಂಧದ ಕೃತಜ್ಞತೆಯಲ್ಲಾದರೂ ಹಾಕುತ್ತೇನೆಂದು ಅವನು ಎರಡು ಸಾಲು ಬರೆದುಕೊಂಡು ಬಂದ. ಅದರಲ್ಲಿ ಜ್ಞಾನ ಇತ್ತು, ಜ್ಯೋತಿ ಇತ್ತು, ಚರಣ ಇತ್ತು.

ಮೇಷ್ಟ್ರು ಓದಿ ಕನ್ನಡಕ ತೆಗೆದರು. ನಾನು ಮಾಡಿದ್ದನ್ನು ಮಾತ್ರ ಬರಿ ಎಂದರು. ಏನು ಮಾಡಿದಿರಿ ಎಂದು ಹಾಲೇಶ ಕೇಳಿದ. ಮೇಷ್ಟ್ರು ಸುತ್ತ ನೋಡಿ, ಜೇನುಪೆಟ್ಟಿಗೆಯ ಮೇಲಿನ ಸೋಗೆಯ ಚಪ್ಪರ ತೋರಿಸಿದರು. ಅದನ್ನು ಕಟ್ಟುವಾಗ ಅವರಿಗೆ ನಾಲ್ಕು ಕಡೆ ಹುಳ ಕಡಿದಿತ್ತು.

ಹಾಲೇಶ ಬರೆದುಕೊಂಡ, ಜೇನುಪೆಟ್ಟಿಗೆಗೆ ನೆರಳು ಮಾಡಿಕೊಟ್ಟ ಓಂಕಾರಯ್ಯನವರಿಗೆ.

"ಬಣ್ಣದ ಅಂಗಡಿಯವನ ಪಕ್ಕ ಹಾಕು," ಎಂದರು ಮೇಷ್ಟ್ರು. "ಒಳ್ಳೇ ಮನುಷ್ಯ."

ಸಂಜೆ ನೀಲಾಂಬಿಕೆಯನ್ನು ಬಸ್ಸು ಹತ್ತಿಸಿ ಗುರುಶಿಷ್ಯರಿಬ್ಬರೂ ದಂಡೆಯ ಮೇಲೆ ನಡೆದು ಬರುತ್ತಿದ್ದರು. ಕೆಲಸ ಮುಗಿಸಿದ ಹುಳಗಳು ಎಳ್ಳಿನ ಹೊಲದ ಕಡೆಯಿಂದ ಗೂಡಿಗೆ ಹಿಂತಿರುಗುತ್ತಿದ್ದವು. ಹಾಲೇಶ ಬಹಳ ದಿನದಿಂದ ಕೇಳಬೇಕೆಂದುಕೊಂಡಿದ್ದನ್ನು ಕೇಳಿದ.

"ಮೇಷ್ಟ್ರೇ, ಹುಳ ಗೂಡಿಗೆ ಬಿಟ್ಟಿದ್ದಕ್ಕೆ ನಾನು ನೀಲಕ್ಕನ್ನ ಬೈದಿದ್ದು ನಿಮಗೆ ಮೊದಲೇ ಗೊತ್ತಿತ್ತಂತೆ. ಅಮ್ಮ ಅವತ್ತೇ ಧಾರವಾಡಕ್ಕೆ ಫೋನ್ ಮಾಡಿ ಹೇಳಿದ್ರಂತೆ. ಮತ್ತೆ ಕುರ್ಚೀಲಿ ಕೂರ್ಸಿದ ದಿನ ನೀವೇ ನನಗೆ ಹೇಳಬಹುದಿತ್ತಲ್ಲ. ಯಾಕೆ ಸುಮ್ನಿದ್ರಿ?"

ಮೇಷ್ಟ್ರು ನಿಂತರು. ಚಪ್ಪರದ ಕೆಳಗೆ ಪೆಟ್ಟಿಗೆಯ ಬಾಯಿಯಲ್ಲಿ ಹುಳಗಳು ಒಂದರ ಹಿಂದೊಂದು ಒಳಗೆ ಹೋಗುವುದನ್ನು ನೋಡಿದರು.

"ಸಂಜೆ ಮರೆತ ಹುಳಕ್ಕೆ ಸಂಜೇನೇ ಬೈದು ಏನು ಮಾಡ್ಲಿ? ಗೂಡಿಗೆ ಬಿಟ್ಟೆ."